ದೊಣೆಗುಡ್ಡದ ಗಾಡಿದಾರಿ

ಮುದ್ದಮ್ಮ ಗಂಡನ ಮನೆಗೆ ಬಂದದ್ದು ನಡೆದುಕೊಂಡು, ಗುಡ್ಡ ಹತ್ತಿ ಇಳಿದು. ತವರು ಮಾವಿನಕಟ್ಟೆ ದೊಣೆಗುಡ್ಡದ ಆಚೆ ಮಗ್ಗುಲಲ್ಲಿ, ಬಾಣಾವರದ ಕಡೆಗೆ. ಗಂಡನ ಊರು ತಾರೇಹಳ್ಳಿ ಈಚೆ ಮಗ್ಗುಲಲ್ಲಿ, ಜಾವಗಲ್ಲಿನ ಕಡೆಗೆ. ಮದುವೆಯ ವಾರ ಹಿಡಿದ ಮಳೆ ಬಿಡದೆ, ಹಳ್ಳ ತುಂಬಿ ಗಾಡಿ ದಾಟುವ ಹಾಗಿರಲಿಲ್ಲ. "ಗುಡ್ಡದ ಮೇಲಾಸಿ ಹೋಗಾನ, ಅದೇನು ಮಹಾ" ಎಂದು ಅಣ್ಣ ಗಂಗಾಧರಪ್ಪ ತಂಗಿಯ ಟ್ರಂಕನ್ನು ತಲೆಗೇರಿಸಿಕೊಂಡು ಮುಂದೆ ನಡೆದ. ಮದುಮಗ ಮರುಳಪ್ಪ ಹಿಂದೆ ಬಂದ. ಅವನದು ಆಗಲೂ ಮಾತು ಕಡಿಮೆ, ಆಮೇಲೂ ಕಡಿಮೆ.

ಗುಡ್ಡದ ನೆತ್ತಿಯಲ್ಲಿ ಪಾಳೇಗಾರರು ಕಟ್ಟಿದ ಕೋಟೆಯ ಬಾಗಿಲೊಂದು ಉಳಿದಿತ್ತು. ಅದರ ಒಳಗೆ ಕೋಟೆಗಿಂತ ಹಳೆಯದಾದ ಈಶ್ವರನ ಗುಡಿ. ಮುಂದಿನ ಮಂಟಪದ ಒಂದು ಮೂಲೆ ಕುಸಿದಿದ್ದರೂ ಕಂಬಗಳು ನೆಟ್ಟಗೆ ನಿಂತಿದ್ದವು. ಮಗ್ಗುಲಲ್ಲೇ ಬಂಡೆಯೊಳಗೊಂದು ನೀರಿನ ದೊಣೆ. ಯಾವ ಬೇಸಗೆಗೂ ಬತ್ತದ್ದು. ಗುಡ್ಡಕ್ಕೆ ಹೆಸರು ಬಂದದ್ದು ಅದರಿಂದಲೇ. ಗಂಗಾಧರಪ್ಪ ಟ್ರಂಕನ್ನು ಕೋಟೆ ಬಾಗಿಲಲ್ಲಿ ಇಳಿಸಿ, ದೊಣೆಯ ನೀರನ್ನು ಬೊಗಸೆಯಲ್ಲಿ ತಂದು ತಂಗಿಗೆ ಕುಡಿಸಿದ. ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದಮೇಲೆ ಅವಳನ್ನು ಸಾಕಿ ದೊಡ್ಡದು ಮಾಡಿದವನು ಅವನೇ.

"ಮುದ್ದೂ, ಮನಸಿಗೆ ಬೇಜಾರಾದಾಗ ಇಲ್ಲಿಗಂಟ ಬಾ. ನಾನು ಆ ಕಡೆಯಿಂದ ಬತ್ತೀನಿ. ಇಬ್ಬರಿಗೂ ಅರ್ಧರ್ಧ ದಾರಿ" ಎಂದ.

ಬಾಯಿಮಾತಿಗೆ ಹೇಳಿದ್ದಲ್ಲ ಅದು. ಕಾರ್ತಿಕದ ಸೋಮವಾರಗಳಲ್ಲಿ ಗುಡಿಗೆ ದೀಪ ಹಚ್ಚುವ ನೆಪದಲ್ಲಿ ಅಣ್ಣ ತಂಗಿ ಇಬ್ಬರೂ ಆ ಬಾಗಿಲಲ್ಲಿ ಸೇರುತ್ತಿದ್ದರು. ಅವಳು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಂಡು ಹೋಗುವಳು. ಅವನು ತೆಂಗಿನಕಾಯಿ, ಬೆಲ್ಲ ತರುವನು. ಒಂದರ ಹಿಂದೊಂದು ಬಸಿರು ನಿಲ್ಲದೆ ಹೋದಾಗ ಅತ್ತೆಯ ಎದುರು ಅಳಲಾರದೆ ಮುದ್ದಮ್ಮ ಹೊಟ್ಟೆ ತುಂಬ ಅತ್ತದ್ದು ಆ ಮಂಟಪದ ಕಂಬಕ್ಕೆ ಒರಗಿಕೊಂಡು. ಅಣ್ಣ ಸಮಾಧಾನ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕಾಯಿ ಸುಲಿಯುತ್ತಿದ್ದ. ಕೊನೆಗೆ ದ್ರಾಕ್ಷಾಯಣಿ ಹುಟ್ಟಿ ಉಳಿದಾಗ, ಆ ಮಗುವನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹತ್ತಿ ಹೋಗಿ ಮೊದಲು ತೋರಿಸಿದ್ದೂ ಅಲ್ಲೇ. "ಇದು ನನ್ನ ಸೊಸೆ" ಎಂದು ಗಂಗಾಧರಪ್ಪ ಅಂದೇ ಹೇಳಿಬಿಟ್ಟ. ಅವನಿಗೆ ಇಂದುಧರನೆಂಬ ಮಗ ಆಗಲೇ ಓಡಾಡುತ್ತಿದ್ದ.

ಕಾಲ ಕಳೆಯಿತು. ಗಂಗಾಧರಪ್ಪ ಊರಿನ ತೋಟವನ್ನು ಬೆಳೆಯ ಪಾಲಿಗೆ ಕೊಟ್ಟು ಅರಸೀಕೆರೆಗೆ ಹೋಗಿ ಕೊಬ್ಬರಿ ವ್ಯಾಪಾರ ಹಿಡಿದ. ಕೈ ಹತ್ತಿತು. ಬಿಳಿ ಪಂಚೆ, ಕೈಗಡಿಯಾರ, ಮಂಡಿಯಲ್ಲಿ ಸ್ವಂತ ಜಾಗ, ಎಲ್ಲ ಬಂತು. ಜಾವಗಲ್ಲಿಗೆ ಬಸ್ಸು ಓಡಾಡತೊಡಗಿದ ಮೇಲೆ ಗುಡ್ಡ ಹತ್ತುವವರೇ ಇಲ್ಲವಾದರು. ಕಾಲುದಾರಿಯನ್ನು ಲಂಟಾನ ನುಂಗಿತು. ಕರಡಿ ಸೇರಿಕೊಂಡಿದೆ ಎಂದು ದನ ಕಾಯುವವರೂ ಅತ್ತ ಹೋಗುವುದನ್ನು ಬಿಟ್ಟರು. ಕಾರ್ತಿಕದಲ್ಲಿ ಮುದ್ದಮ್ಮ ದೀಪವನ್ನು ಮನೆಯ ಹಿತ್ತಲಲ್ಲೇ ನಿಂತು ಗುಡ್ಡದ ಕಡೆಗೆ ಎತ್ತಿ ತೋರಿಸುತ್ತಿದ್ದಳು. ಅಣ್ಣ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಾಗಿನ ಹಿಡಿದುಕೊಂಡು ಬಸ್ಸಿನಲ್ಲಿ ಬಂದು, ಊಟ ಮಾಡಿ, ಸಂಜೆ ಬಸ್ಸಿಗೆ ಹೊರಡುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ, ಇನ್ನೂ ಚಳಿ ಇಳಿದಿರದ ಒಂದು ದಿನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಗಂಗಾಧರಪ್ಪ ಬಂದು ಜಗಲಿಯ ಮೇಲೆ ಕೂತ. ತುಂಬ ಹೊತ್ತು ಗುಡ್ಡವನ್ನೇ ನೋಡಿದ.

"ಮುದ್ದೂ, ಆ ದಾರಿ ನೆಪ್ಪೈತಾ ನಿಂಗೆ?"

"ಅದೇನಣ್ಣ ಹಂಗಂತೀಯ? ಕಣ್ಣು ಕಟ್ಟಿ ಬಿಟ್ರೂ ಹೋಯ್ತೀನಿ."

"ಅದನ್ನ ಮತ್ತೆ ತೆರೆಸ್ಬೇಕು ಕಣೇ. ಹಳೇಬೀಡಿಗೆ ಜನ ಎಲ್ಲೆಲ್ಲಿಂದ್ಲೋ ಬತ್ತಾರೆ. ಗುಡಿ ನೋಡ್ತಾರೆ, ಬಸ್ತಿಹಳ್ಳಿ ಬಸದಿ ನೋಡ್ತಾರೆ, ಬೇಲೂರಿಗೆ ಹೋಯ್ತಾರೆ. ನಮ್ಮ ಗುಡ್ಡ ಅಲ್ಲಿಂದ ಏನು ದೂರ? ಜಾವಗಲ್ಲಿನ ಇಸ್ಕೂಲ್ ಮೇಷ್ಟ್ರು ಯೋಗನರಸಿಂಹಯ್ಯಂಗಾರ್ರು ಬಸ್ಸಲ್ಲಿ ಸಿಕ್ಕಿದ್ರು. ದಾರಿ ಇದ್ರೆ ಮಕ್ಕಳನ್ನ ಕರ್ಕೊಂಡು ಬತ್ತೀನಿ ಅಂದ್ರು. ಜನ ಬಂದ್ರೆ ಗುಡಿಗೆ ದೀಪ. ಕುಸಿದಿರೋ ಮೂಲೆ ನಾನೇ ಎತ್ತಿಸಿ ನಿಲ್ಲಿಸ್ತೀನಿ. ಇಂದುಧರನ ಮದುವೇನೂ ಅಲ್ಲೇ ಆ ಈಸ್ವರನ ಮುಂದೆ ಮಾಡಾನ."

ಒಳಗಿದ್ದ ದ್ರಾಕ್ಷಾಯಣಿ ಕಿವಿ ಇಲ್ಲಿಟ್ಟಿದ್ದಳೆಂಬುದು ಕೈಯಿಂದ ಬಿದ್ದ ಸೌಟಿನ ಸದ್ದಿನಲ್ಲಿ ಗೊತ್ತಾಯಿತು. ಮುದ್ದಮ್ಮ ನಕ್ಕಳು.

"ಕಾಲುದಾರಿ ಸಾಲ್ದು" ಎಂದ ಗಂಗಾಧರಪ್ಪ. "ಪಾಳೇಗಾರ್ರು ಫಿರಂಗಿ ಎಳೀತಿದ್ದ ಸುತ್ತುದಾರಿ ಐತಲ್ಲ, ಅದನ್ನ ಬಿಡಿಸು. ಗಾಡಿ ಹೋಗೋ ಹಂಗೆ ಮಾಡು. ವಯಸ್ಸಾದೋರೂ ಬರ್ಬೇಕು."

ಅವನು ಹೋದಮೇಲೆ ಮರುಳಪ್ಪ ಎಲೆಯಡಿಕೆ ಮೆಲ್ಲುತ್ತ ಹೇಳಿದ, "ನೋಡಕ್ಕೆ ಬರೋರಿಗೆ ಗಾಡಿ ಯಾತಕ್ಕೆ?"

"ನಮ್ಮಣ್ಣ ಏನು ಮಾಡಿದ್ರೂ ನಿಮಗೆ ಹುಳುಕೇ ಕಾಣೋದು" ಎಂದು ಮುದ್ದಮ್ಮ ರೇಗಿದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಸುಗ್ಗಿ ಮುಗಿದು ಕೈ ಬಿಡುವಾಗಿದ್ದ ಕಾಲ. ಮುದ್ದಮ್ಮ ಮೊದಲು ಹೋದದ್ದು ಪಕ್ಕದ ಮನೆಯ ಹುಚ್ಚಮ್ಮನ ಹತ್ತಿರ. ಹುಚ್ಚಮ್ಮ ಗಂಡ ಸತ್ತವಳು, ಗಟ್ಟಿ ಬಾಯಿ, ಗಟ್ಟಿ ಕೈ. "ಈಸ್ವರನ ಕೆಲಸ ಅಂತೀಯ, ನಡಿ" ಎಂದು ಮಚ್ಚು ತೆಗೆದುಕೊಂಡು ಎದ್ದಳು. ಅವಳು ಎದ್ದಮೇಲೆ ಕೇರಿಯ ಹೆಂಗಸರೆಲ್ಲ ಎದ್ದರು. ಬೆಳಿಗ್ಗೆ ಮುದ್ದೆ ಉಂಡು ಹೊರಟರೆ ಬಿಸಿಲು ನೆತ್ತಿಗೆ ಬರುವ ತನಕ ಲಂಟಾನ ಕಡಿಯುವುದು, ಬೇರು ಕೀಳುವುದು, ಅಡ್ಡ ಬಿದ್ದ ಬಿದಿರನ್ನು ಎಳೆದು ಹಾಕುವುದು. ಲಂಟಾನದ ಕೆಳಗೆ ಹಳೆಯ ದಾರಿಯ ಅಂಚುಗಲ್ಲುಗಳು ಒಂದೊಂದಾಗಿ ಕಾಣಿಸಿದವು. ಒಂದು ತಿರುವಿನಲ್ಲಿ ಕರಡಿಯೊಂದು ಪೊದೆಯಿಂದ ಎದ್ದು ನಿಂತೇಬಿಟ್ಟಿತು. ಹುಚ್ಚಮ್ಮ ಬುತ್ತಿಯ ಪಾತ್ರೆಯನ್ನು ಮಚ್ಚಿನಿಂದ ಬಾರಿಸುತ್ತ ಅದಕ್ಕೆ ಬಾಯಿಗೆ ಬಂದದ್ದು ಬೈದಳು. ಕರಡಿ ಓಡಿತು. ಹೆಂಗಸರು ನೆಲದ ಮೇಲೆ ಕೂತು, ಹೆದರಿದ್ದಕ್ಕೋ ನಗು ತಡೆಯದ್ದಕ್ಕೋ, ಕಣ್ಣೀರು ಬರುವ ಹಾಗೆ ನಕ್ಕರು. ಮುದ್ದಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಮೈಯಲ್ಲಿ ಹದಿನಾರರ ಹುರುಪು ಬಂದಿತ್ತು. ನೆತ್ತಿ ತಲುಪಿದ ದಿನ ಅವಳು ಮಂಟಪವನ್ನು ಗುಡಿಸಿ, ಬಾವಲಿ ಹಿಕ್ಕೆ ತೊಳೆದು, ಲಿಂಗಕ್ಕೆ ದೊಣೆಯ ನೀರು ಹಾಕಿ, ಕಂಬಕ್ಕೆ ಒರಗಿ ಸುಮ್ಮನೆ ಕೂತಳು. ಇಳಿಯಲು ಮನಸ್ಸಾಗಲಿಲ್ಲ.

ಆ ವರ್ಷ ಮಳೆಗಾಲ ಕಳೆದು ಯೋಗನರಸಿಂಹ ಮೇಷ್ಟ್ರು ನಿಜಕ್ಕೂ ಮಕ್ಕಳನ್ನು ಕರೆದುಕೊಂಡು ಬಂದರು. ಮೇಲೆ ಕೋಟು, ಕೆಳಗೆ ಕಚ್ಚೆಪಂಚೆ, ಕೈಯಲ್ಲಿ ಕೊಡೆ. ಹತ್ತುವಾಗ ಏದುಸಿರು ಬಿಡುತ್ತಲೇ ಪಾಠ ಮಾಡಿದರು. ಮಂಟಪದ ಚಾವಣಿಯಲ್ಲಿ ಕೆತ್ತಿದ ಕಮಲವನ್ನು ಮಕ್ಕಳಿಗೆ ಮಲಗಿಕೊಂಡು ನೋಡಲು ಹೇಳಿ, ತಾವೂ ಮಲಗಿಬಿಟ್ಟರು. ಕಲ್ಲಿನ ಮೇಲೆ ಹೆಸರು ಕೆತ್ತಲು ಹೊರಟ ಒಬ್ಬನ ಕಿವಿ ಹಿಂಡಿದರು. ಹೊರಡುವಾಗ ಮುದ್ದಮ್ಮನಿಗೆ ಕೈ ಮುಗಿದು, "ತಾಯಿ, ಇಷ್ಟು ಹತ್ತಿರ ಇಂಥದ್ದು ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನೀವು ದಾರಿ ಮಾಡಿದ್ರಿ, ನಾವು ಬಂದ್ವಿ. ಮುಂದಿನ ವರ್ಷವೂ ಬರ್ತೀವಿ" ಎಂದರು. ಮುದ್ದಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಷ್ಟು ಓದಿದವರೊಬ್ಬರು ಅವಳಿಗೆ ಕೈ ಮುಗಿದದ್ದು ಅದೇ ಮೊದಲು. ಅಣ್ಣ ಇರಬೇಕಿತ್ತು, ಅವನಿಗೆ ಸಲ್ಲಬೇಕಾದ ಮಾತಿದು ಎಂದುಕೊಂಡಳು.

ಯುಗಾದಿ ಕಳೆದ ಮೇಲೆ ಗಾಡಿಗಳು ಬಂದವು. ಬೆಳಗಿನ ಹೊತ್ತು, ಒಂದರ ಹಿಂದೊಂದು ಎತ್ತಿನ ಗಾಡಿ ಕೇರಿಗೆ ನುಗ್ಗಿದವು. "ಗಂಗಾಧರಪ್ಪನೋರ ತಂಗಿ ಮನೆ ಯಾವುದು?" ಎಂದು ಗಾಡಿಯವರು ಕೇಳಿದರು. ಗಾಡಿಗಳಲ್ಲಿ ಹಾರೆ, ಸುತ್ತಿಗೆ, ಹಗ್ಗ, ಮರದ ದಿಮ್ಮಿಗಳಿದ್ದವು. ಕುಸಿದ ಮೂಲೆ ಎತ್ತಿಸುತ್ತೇನೆಂದು ಅಣ್ಣ ಹೇಳಿದ್ದ. ಹೇಳಿದ ಹಾಗೆ ಆಳು ಕಳಿಸಿದ್ದಾನೆ. ಮುದ್ದಮ್ಮನ ಸಂತೋಷಕ್ಕೆ ಪಾರವಿಲ್ಲ. ಕೊಡದ ತುಂಬ ಮಜ್ಜಿಗೆ ಕಡೆದು, ಉಪ್ಪು, ಕೊತ್ತಂಬರಿ ಹಾಕಿ ಎಲ್ಲರಿಗೂ ಕೊಟ್ಟಳು. ಎತ್ತುಗಳಿಗೆ ಹುಲ್ಲು ಹಾಕಿಸಿದಳು. ಗುಡ್ಡದ ಬುಡದ ತನಕ ತಾನೇ ಹೋಗಿ ದಾರಿ ತೋರಿಸಿ ಬಂದಳು. ಅಂದು, ಮರುದಿನ, ಅದರ ಮರುದಿನ, ಮೇಲಿನಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ರಾಗಿ ಬೀಸುತ್ತ ಅದನ್ನು ಕೇಳಿಸಿಕೊಂಡಳು.

ಗಾಡಿಗಳು ಇಳಿದು ಬಂದಾಗ ಅವಳು ಬಾವಿಯ ಹತ್ತಿರ ಇದ್ದಳು. ಎತ್ತುಗಳು ಭಾರಕ್ಕೆ ಕುತ್ತಿಗೆ ಬಗ್ಗಿಸಿದ್ದವು. ಮೊದಲ ಗಾಡಿಯಲ್ಲಿ ಕಂಬ. ಎರಡನೆಯದರಲ್ಲಿ ಕೋಟೆ ಬಾಗಿಲಿನ ಮೇಲುಗಲ್ಲು. ಅದರ ಹಿಂದಿನದರಲ್ಲಿ ಚಾವಣಿಯ ಕಮಲ, ಹೊತ್ತು ತರಲು ಸಲೀಸಾಗಲೆಂದು ಎರಡು ಹೋಳು ಮಾಡಿದ್ದು.

ಮುದ್ದಮ್ಮ ದಾರಿಗೆ ಅಡ್ಡ ನಿಂತಳು. "ಎಲ್ಲಿಗ್ರಪ್ಪ ಇದು?"

ಗಾಡಿಯವನಿಗೆ ಆಶ್ಚರ್ಯ. "ಯಾಕಮ್ಮ, ನಿಮ್ಮಣ್ಣಾರು ಹೇಳ್ಲಿಲ್ವಾ? ಅರಸೀಕೆರೇಲಿ ಗೋಡೌನು ಎಬ್ಬಿಸ್ತಾವ್ರೆ, ಮೇಲೆ ಮನೆ. ಇಂಥ ಕಲ್ಲು ಈಗ ಎಲ್ಲಿ ಸಿಕ್ಕೀತು? ನಿಮ್ಮನ್ನ ಕೇಳೇ ದಾರಿ ಮಾಡ್ಸಿರೋದು ಅಂದ್ರು."

ಕೇರಿಯವರು ಹೊರಬಂದು ನಿಂತಿದ್ದರು. ಹುಚ್ಚಮ್ಮ ಮುಂದೆ ಬಂದಳು. ಅವಳ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು.

"ನಿನ್ನ ಮಗಳ ಮನೆ ಕಟ್ಟಕ್ಕೆ ನಮ್ಮ ಕೈಲಿ ದಾರಿ ಕಡಿಸಿದ್ಯಾ ಮುದ್ದಿ? ಈಸ್ವರನ ಕೆಲಸ ಅಂದೆ."

"ಇಲ್ಲ ಕಣೇ ಹುಚ್ಚಿ. ನನಗೆ ಗೊತ್ತಿರ್ಲಿಲ್ಲ ಕಣೇ."

"ಮಜ್ಜಿಗೆ ಕೊಟ್ಟಿದ್ದು ನೀನೇ ಅಲ್ವಾ?"

ಗಾಡಿಯವರು ಮುದ್ದಮ್ಮನನ್ನು ಬಳಸಿಕೊಂಡು, ಹೊಲದಂಚಿನಲ್ಲಿ ಗಾಡಿ ಇಳಿಸಿ, ಜಾವಗಲ್ ರಸ್ತೆ ಹಿಡಿದರು.

ಅವಳು ನೀರಿನ ಕೊಡವನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದಳು. ತಾನೇ ಬಿಡಿಸಿದ ದಾರಿಯಲ್ಲಿ ಚಕ್ರದ ಗುರುತು ಆಳವಾಗಿ ಕೂತಿತ್ತು. ಮೇಲೆ ಕೋಟೆಯ ಬಾಗಿಲಿದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಉಳಿದ ಆಳುಗಳು ಇನ್ನೊಂದು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದರು. ಅವರ ನಡುವೆ ಬಿಳಿ ಪಂಚೆ ಎತ್ತಿ ಕಟ್ಟಿ ಗಂಗಾಧರಪ್ಪ ನಿಂತಿದ್ದ. ಅವನು ಬಂದಿದ್ದು ಮಾವಿನಕಟ್ಟೆಯ ಕಡೆಯಿಂದ, ಹಳೆಯ ಕಾಲುದಾರಿಯ ಲಂಟಾನ ಸವರಿಸಿಕೊಂಡು. ತಂಗಿಯ ಮನೆಯ ಮುಂದೆ ಹಾಯ್ದು ಬರಲು ಅವನಿಗೂ ಮನಸ್ಸಾಗಿರಲಿಲ್ಲವೇನೋ.

"ಅಣ್ಣ, ಏನಿದು?"

"ಬಿದ್ದಿದ್ದ ಕಲ್ಲು ಕಣೇ ಮುದ್ದೂ. ಯಾರಿಗೆ ಬೇಕಾಗಿತ್ತು? ಕರಡಿಗಾ?"

"ನಿಂತಿದ್ದನ್ನೂ ಬೀಳಿಸಿದ್ಯಲ್ಲ."

"ಇವತ್ತಲ್ಲ ನಾಳೆ ಬೀಳೋದೇ. ಲಿಂಗ ಮುಟ್ಟಿಲ್ಲ ನೋಡು. ನಾನೇನು ಅಷ್ಟು ಕೆಟ್ಟೋನಾ?" ಎಂದ. ಲಿಂಗ ಸೂರಿಲ್ಲದೆ ಬಿಸಿಲಲ್ಲಿತ್ತು. "ಕೇಳಿಲ್ಲಿ. ಆ ಮನೆಗೆ ಸೊಸೆಯಾಗಿ ಬರೋಳು ಯಾರು? ನಿನ್ನ ಮಗಳೇ. ಅವಳು ಓಡಾಡೋ ಮನೆ ಗಟ್ಟಿಯಾಗಿರ್ಲಿ ಅಂತ ಮಾಡ್ದೆ. ನೀನು ಸುಮ್ನಿದ್ದುಬಿಡು. ಊರೋರಿಗೆ, ತಂಗಿ ಒಪ್ಪಿ ಆಗೈತೆ ಅಂತ ಆಗ್ಲೇ ಹೇಳಿದೀನಿ."

"ಯಾವಾಗ ಹೇಳ್ದೆ?"

"ನೀವು ದಾರಿ ಬಿಡಿಸೋವಾಗ್ಲೇ. ನಿಮ್ಮೂರ ದೊಡ್ಡೋರು ಜಾವಗಲ್ಲಲ್ಲಿ ಸಿಕ್ಕಾಗ. ಇಲ್ದಿದ್ರೆ ಅವರು ತಕರಾರು ತೆಗೀತಿರ್ಲಿಲ್ವಾ?"

ಹಾಗಾದರೆ ಕರಡಿ ಎದ್ದ ದಿನ, ತಾವು ನಕ್ಕ ದಿನ, ಊರಿನ ಗಂಡಸರಲ್ಲಿ ಕೆಲವರಿಗೆ ಗೊತ್ತಿತ್ತು. ಅವಳೂ ಇದರಲ್ಲಿ ಇದ್ದಾಳೆಂದುಕೊಂಡೇ ಅವರು ಸುಮ್ಮನಿದ್ದರು. ಮುದ್ದಮ್ಮ ಹಿಂದಕ್ಕೆ ಕೈ ಚಾಚಿದಳು. ಅವಳು ಒರಗುತ್ತಿದ್ದ ಕಂಬ ಅಲ್ಲಿರಲಿಲ್ಲ.

"ಹಗ್ಗ ಬಿಚ್ಚಿಸು" ಎಂದಳು.

"ಹುಚ್ಚಾ ನಿಂಗೆ?"

ಅವಳು ಹೋಗಿ ಹಗ್ಗ ಬಿಗಿದ ಕಂಬದ ಬುಡದಲ್ಲಿ ಕೂತುಬಿಟ್ಟಳು. ಎಳೆದರೆ ಕಂಬ ಬೀಳುವುದು ಅವಳ ಮೇಲೆ. ಆಳುಗಳು ಒಡೆಯನ ಮುಖ ನೋಡಿದರು. ಗಂಗಾಧರಪ್ಪ ಬೈದ, ರಮಿಸಿದ, ಅಪ್ಪ ಅವ್ವನ ಹೆಸರು ಹೇಳಿದ, ಸಾಕಿದ್ದನ್ನೆಲ್ಲ ಎತ್ತಿ ಆಡಿದ. ಅವಳು ಅಳಲೂ ಇಲ್ಲ, ಎದ್ದೂ ಬರಲಿಲ್ಲ. ಹೊತ್ತು ಇಳಿಯುವಾಗ ಅವನು ಪಂಚೆ ಕೊಡವಿಕೊಂಡು, "ನಾಳೆ ಬಂದು ತಗೊಂಡು ಹೋಗ್ತೀನಿ ನೋಡು" ಎಂದು ಆಳುಗಳನ್ನು ಕರೆದುಕೊಂಡು ಇಳಿದ.

ಮನೆಯಲ್ಲಿ ಮರುಳಪ್ಪ ಎಲ್ಲ ಕೇಳಿಕೊಂಡ. 'ನಾನು ಹೇಳಿರಲಿಲ್ಲವೇ' ಎಂದು ಅವನು ಅನ್ನಬಹುದಿತ್ತು, ಅನ್ನಲಿಲ್ಲ. ಬೆಳಕು ಹರಿಯುತ್ತಲೇ ಹಾರೆ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಗುಡ್ಡದ ಬುಡಕ್ಕೆ ಹೋಗಿ, ಗಾಡಿದಾರಿ ಇಕ್ಕಟ್ಟಾಗುವ ಕಡೆ ಅಡ್ಡಲಾಗಿ ಅಗೆಯತೊಡಗಿದ. ಮುದ್ದಮ್ಮ ಮಣ್ಣು ಹೊತ್ತಳು. ಸ್ವಲ್ಪ ಹೊತ್ತಿಗೆ ಹುಚ್ಚಮ್ಮ ಬಂದಳು. ಮುದ್ದಮ್ಮನ ಕಡೆ ನೋಡದೆ, ಮಾತಾಡದೆ, ಇನ್ನೊಂದು ತುದಿಯಿಂದ ಅಗೆದಳು. ಮಧ್ಯಾಹ್ನದ ಹೊತ್ತಿಗೆ ಗಾಡಿ ಇಳಿದರೆ ಏಳಲಾರದಷ್ಟು ಆಳದ ಗುಂಡಿಯಾಗಿತ್ತು. ಅದರ ಮೇಲೆ ಬಂಡೆ ಉರುಳಿಸಿದರು, ಕಾರೆಮುಳ್ಳು ಹೇರಿದರು. ಮತ್ತೆ ಬಂದ ಗಾಡಿಗಳು ಅದನ್ನು ನೋಡಿ ಬರಿದಾಗಿ ತಿರುಗಿದವು. ಹೋದ ಕಲ್ಲು ಹೋಯಿತು. ಎರಡು ಕಂಬ ಉಳಿದವು.

ಆ ಸಲದ ಗೌರಿ ಹಬ್ಬಕ್ಕೆ ಬಾಗಿನ ತಂದವನು ಇಂದುಧರ. ಒಳ್ಳೆಯ ಹುಡುಗ, ಕಾಲೇಜು ಓದಿದವನು, ಮೆತ್ತಗೆ ಮಾತಾಡುವವನು. ಮೊರದಲ್ಲಿ ಸೀರೆ, ಬಳೆ, ಕಾಯಿ ಎಲ್ಲ ಎಂದಿಗಿಂತ ಹೆಚ್ಚಾಗಿತ್ತು.

"ಅತ್ತೆ, ನನಗೂ ಗೊತ್ತಿರ್ಲಿಲ್ಲ. ಆಣೆ" ಎಂದ.

"ಈಗ ಗೊತ್ತಾಯ್ತಲ್ಲಪ್ಪ. ಅಪ್ಪನಿಗೆ ಏನಂದೆ?"

ಇಂದುಧರ ತಲೆ ತಗ್ಗಿಸಿದ. ಬಾಗಿಲ ಹಿಂದೆ ದ್ರಾಕ್ಷಾಯಣಿ ಅವನ ಉತ್ತರಕ್ಕೆ ಕಾಯುತ್ತಿದ್ದಳು. ಉತ್ತರ ಬರಲೇ ಇಲ್ಲ.

ಮುದ್ದಮ್ಮ ಮೊರವನ್ನು ಮುಟ್ಟದೆ ಅವನ ಕಡೆಗೆ ಸರಿಸಿದಳು. "ತಗೊಂಡು ಹೋಗು ಮಗಾ. ತವರಿಲ್ಲದೋಳಿಗೆ ಬಾಗಿನ ಬರಾಕಿಲ್ಲ. ನಿಮ್ಮಪ್ಪನಿಗೆ ಹಂಗೇ ಹೇಳು. ಹೆಣ್ಣನ್ನೂ ಬೇರೆ ಕಡೆ ನೋಡ್ಕೊಳ್ಲಿ."

ಮಗಳು ಅಂದು ಉಣ್ಣಲಿಲ್ಲ. "ನಿನ್ನ ಅಣ್ಣ, ನಿನ್ನ ಗುಡ್ಡ, ನಿನ್ನ ಸಿಟ್ಟು. ನಡುವೆ ನಂದೇನವ್ವ ತಪ್ಪು?" ಎಂದಳು. ಮುಂದಿನ ವರ್ಷ ದ್ರಾಕ್ಷಾಯಣಿಯನ್ನು ಕಣಕಟ್ಟೆಯ ಒಂದು ಮನೆತನಕ್ಕೆ ಕೊಟ್ಟರು. ತೋಟ, ಹೊಲ ಇದ್ದ ಮನೆ, ಅಳಿಯ ಕೆಟ್ಟವನಲ್ಲ. ಆದರೂ ಮಗಳು ತವರಿಗೆ ಬಂದರೆ ಅಪ್ಪನ ಹತ್ತಿರ ಹೆಚ್ಚು ಹೊತ್ತು ಕೂರುತ್ತಿದ್ದಳು.

ಯೋಗನರಸಿಂಹ ಮೇಷ್ಟ್ರು ಹೇಳಿದ ಹಾಗೆ ಮತ್ತೆ ಬಂದರು. ಮಕ್ಕಳ ಗಲಾಟೆ ಕೇಳಿಸುತ್ತಲೇ ಮುದ್ದಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರು ಮುಳ್ಳು ಸರಿಸಿಕೊಂಡು ಹತ್ತಿದರು, ಬೇಗನೇ ಇಳಿದರು. ಇಳಿಯುವಾಗ ಮಕ್ಕಳೂ ಮಾತಾಡುತ್ತಿರಲಿಲ್ಲ. ಮೇಷ್ಟ್ರು ಅವಳ ಮನೆಯ ಮುಂದೆ ಒಂದು ಗಳಿಗೆ ನಿಂತರು, ಕರೆಯಲಿಲ್ಲ, ಹೋದರು. ಅವರು ಏನೆಂದುಕೊಂಡರೋ ಎಂಬ ಯೋಚನೆ ಅವಳನ್ನು ಎಷ್ಟೋ ದಿನ ಕಾಡಿತು. ಕೇರಿಯಲ್ಲಿ ಮಾತು ನಿಧಾನವಾಗಿ ಮರಳಿತು. ಹುಚ್ಚಮ್ಮ ಮೊದಲು ಉಪ್ಪು ಕೇಳಲು ಬಂದಳು, ಆಮೇಲೆ ಸುಮ್ಮನೆ ಬಂದಳು. ಆದರೆ 'ಗುಡ್ಡಕ್ಕೆ ಹೋಗೋಣ ಬನ್ನಿ' ಎಂದು ಮುದ್ದಮ್ಮ ಇನ್ಯಾರನ್ನೂ ಕರೆಯಲಿಲ್ಲ. ಗುಂಡಿಯಿಂದಾಚೆಗೆ ಲಂಟಾನ ಮತ್ತೆ ಕಟ್ಟಿಕೊಂಡಿತು.

ಅರವತ್ತಾರನೆಯ ಇಸವಿಯಲ್ಲಿ ಗಂಗಾಧರಪ್ಪ ತೀರಿಕೊಂಡ ಸುದ್ದಿ ಬಂತು. ಮುದ್ದಮ್ಮ ಹೋಗುವುದಿಲ್ಲ ಎಂದಳು, ಸೀರೆ ಬದಲಿಸಿದಳು, ಹೋದಳು. ಕಣಕಟ್ಟೆಯಿಂದ ದ್ರಾಕ್ಷಾಯಣಿಯೂ ಬಂದಿದ್ದಳು. ಹೆಣವನ್ನು ಅರಸೀಕೆರೆಯ ಆ ಗುಡಿಕಲ್ಲಿನ ಮನೆಯೊಳಗೆ ಕೂರಿಸಿದ್ದರು. ಅತ್ತಿಗೆ ಬಂದು ಕೈ ಹಿಡಿದು ಎಳೆದರೂ ಮುದ್ದಮ್ಮ ಹೊಸಿಲು ದಾಟಲಿಲ್ಲ. ಬೀದಿಯಲ್ಲೇ ನಿಂತಳು. ಹೆಣ ಕೂರಿಸಿದ ಹೂವಿನ ವಿಮಾನವನ್ನು ಹೊತ್ತು ಹೊರತಂದಾಗ ಹತ್ತಿರ ಹೋಗಿ ಅಣ್ಣನ ಮುಖ ನೋಡಿದಳು. ಆಗ ಅಳು ಬಂತು. ಜನ ತಿರುಗಿ ನೋಡುವ ಹಾಗೆ, ಎದೆ ಬಡಿದುಕೊಂಡು ಅತ್ತಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ಬೆಂಚಿನ ಮೇಲೆ ಕೂತಿದ್ದರು. ದ್ರಾಕ್ಷಾಯಣಿ ಕಾಫಿ ತಂದು ಕೊಟ್ಟಳು.

"ಈಗ್ಲಾದ್ರೂ ಮನಸು ಹಗುರ ಆಯ್ತೇನವ್ವ?"

"ಇಲ್ಲ ಕಣೇ."

"ಸತ್ತೋರ ಮೇಲೂ ಸಿಟ್ಟಾ?"

ಮುದ್ದಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಲ್ಲಿನ ಸಿಟ್ಟಲ್ಲ ಕಣೇ ದ್ರಾಕ್ಷಿ. ಅವನು ಬಂದು, ಮುದ್ದೂ ನಂಗೆ ಕಲ್ಲು ಬೇಕು, ಮನೆ ಕಟ್ಟಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ, ನಾನೇ ಹೊರ್ತಿದ್ನೋ ಏನೋ. ಅಷ್ಟು ಪ್ರಾಣ ಅವನ ಮೇಲೆ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳ್ಲಿಲ್ಲ ನೋಡು."

ಜಾವಗಲ್ಲಿನ ಬಸ್ಸು ಬಂತು. ದ್ರಾಕ್ಷಾಯಣಿ ತಾಯಿಯ ಕೈಚೀಲ ಎತ್ತಿಕೊಂಡು, ಜನರನ್ನು ಸರಿಸಿ, ಕಿಟಕಿಯ ಪಕ್ಕ ಅವಳಿಗೆ ಜಾಗ ಹಿಡಿದು ಕೊಟ್ಟಳು. ಕಣಕಟ್ಟೆಗೆ ಹೋಗಬೇಕಾದವಳು ಇಳಿಯದೆ ಅಲ್ಲೇ ನಿಂತಳು. ಕಂಡಕ್ಟರ್ ಕೇಳಿದಾಗ, ತನಗೂ ಜಾವಗಲ್ಲಿಗೇ ಒಂದು ಟಿಕೆಟ್ ಕೊಡಿ ಎಂದಳು.